ಯುದ್ಧದ ಚಿತ್ರಕಥೆಗಳು: ಸಂಗ್ರಹ ಮತ್ತು ಸಹಿ

ಕಾಳಗವೊಂದನ್ನು ಚೌಕಟ್ಟುಗಳ ಸಾಲಿನಲ್ಲಿ, ಚಿತ್ರ ಮತ್ತು ಮಾತು ಎರಡನ್ನೂ ಹೆಣೆದು ಹೇಳುವ ಪುಸ್ತಕವೇ ಯುದ್ಧದ ಚಿತ್ರಕಥೆ. ಸಿನಿಮಾದವರು ‘ಚಿತ್ರಕಥೆ’ ಎಂಬ ಮಾತನ್ನು ಬೇರೆ ಅರ್ಥದಲ್ಲಿ ಬಳಸುವುದರಿಂದ ಓದುಗರ ಬಾಯಲ್ಲಿ ‘ಕಾಮಿಕ್ಸ್’ ಎಂಬ ಹೆಸರೇ ನಿಂತಿದೆ. ಇಂಗ್ಲಿಷಿನಲ್ಲಿ ಇದು ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆಯಿತು. ಎರಡನೆಯ ಮಹಾಯುದ್ಧವೇ ಅದರ ಮುಖ್ಯ ವಸ್ತು. ಕನ್ನಡದಲ್ಲಿ ಹಾಗೆ ಬೆಳೆಯಲಿಲ್ಲ. ಇಲ್ಲಿ ಯುದ್ಧ ಬಂದದ್ದು ಪುರಾಣದ ಮತ್ತು ಚರಿತ್ರೆಯ ಕಥೆಗಳೊಳಗೆ, ‘ಚಂದಮಾಮ’ದ ರಕ್ಷಾಪುಟಗಳಲ್ಲಿ, ‘ಅಮರ ಚಿತ್ರಕಥೆ’ಯ ಪುಟಗಳಲ್ಲಿ. ಎರಡೂ ಬಗೆಯ ಹಳೆಯ ಸಂಚಿಕೆಗಳನ್ನು ಹುಡುಕಿ ಕೂಡಿಡುವವರು ಕರ್ನಾಟಕದಲ್ಲಿದ್ದಾರೆ. ಅವರೆಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ: ಈ ಚಿತ್ರ ಬರೆದವರು ಯಾರು?

ಹುಟ್ಟು ಮತ್ತು ಬೆಳವಣಿಗೆ

ಯುದ್ಧದ ಕಾಮಿಕ್ಸ್ ಗಂಭೀರ ರೂಪ ಪಡೆದದ್ದು ಕೊರಿಯಾ ಯುದ್ಧದ ಹೊತ್ತಿಗೆ, ಅಮೆರಿಕದಲ್ಲಿ. ಇ.ಸಿ. ಸಂಸ್ಥೆಯ ‘ಟೂ-ಫಿಸ್ಟೆಡ್ ಟೇಲ್ಸ್’ 1950ರಲ್ಲೂ ‘ಫ್ರಂಟ್‌ಲೈನ್ ಕಾಂಬ್ಯಾಟ್’ 1951ರಲ್ಲೂ ಹೊರಬಂದವು. ಸಂಪಾದಕ ಹಾರ್ವೆ ಕರ್ಟ್ಸ್‌ಮನ್ ಬಂದೂಕಿನ ಕುದುರೆಯಿಂದ ಸೈನಿಕನ ಬೂಟಿನ ಲಾಡಿಯವರೆಗೆ ಎಲ್ಲವನ್ನೂ ವಿಚಾರಿಸಿ ತಿಳಿದುಕೊಂಡೇ ಪುಟದ ವಿನ್ಯಾಸ ಬರೆಯುತ್ತಿದ್ದ. ಜಾನ್ ಸೆವೆರಿನ್, ಜಾಕ್ ಡೇವಿಸ್, ವಾಲಿ ವುಡ್ ಅದಕ್ಕೆ ಮಸಿ ತುಂಬಿದರು. ಈ ಕಥೆಗಳಲ್ಲಿ ಗೆಲುವಿನ ಸಂಭ್ರಮ ಕಡಿಮೆ. ಕೆಸರು, ಚಳಿ ಮತ್ತು ಹೆಣ ಹೆಚ್ಚು. 1954ರಲ್ಲಿ ಕಾಮಿಕ್ಸ್ ಉದ್ಯಮವೇ ತನಗೆ ಹಾಕಿಕೊಂಡ ನೀತಿಸಂಹಿತೆ ಇಂಥ ಬರವಣಿಗೆಯ ಬಾಯಿ ಕಟ್ಟಿತು. ಮುಂದೆ 1959ರಲ್ಲಿ ಡಿ.ಸಿ. ಸಂಸ್ಥೆಯ ಪುಟಗಳಲ್ಲಿ ‘ಸಾರ್ಜೆಂಟ್ ರಾಕ್’ ಕಾಣಿಸಿಕೊಂಡಾಗ ಜೋ ಕ್ಯೂಬರ್ಟ್ ಮತ್ತು ರಸ್ ಹೀತ್ ಆ ಪರಂಪರೆಯನ್ನು ಬೇರೆ ದಾರಿಯಲ್ಲಿ ಮುಂದುವರಿಸಿದರು.

ಭಾರತದ ಓದುಗರಿಗೆ ಹೆಚ್ಚು ಪರಿಚಯವಾದದ್ದು ಬ್ರಿಟನ್ನಿನ ಕಿರುಪುಸ್ತಕಗಳು. 1958ರ ಸೆಪ್ಟೆಂಬರಿನಲ್ಲಿ ‘ವಾರ್ ಪಿಕ್ಚರ್ ಲೈಬ್ರರಿ’ ಆರಂಭವಾಯಿತು. ಅಂಗೈಗಿಂತ ಸ್ವಲ್ಪ ದೊಡ್ಡ ಅಳತೆ, ಅರುವತ್ತಕ್ಕೂ ಮಿಕ್ಕ ಪುಟ, ಪುಟಕ್ಕೆ ಎರಡೋ ಮೂರೋ ಚೌಕಟ್ಟು, ಒಳಗೆ ಬರಿಯ ಕಪ್ಪು ಮಸಿ, ಹೊರಗೆ ಬಣ್ಣದ ರಕ್ಷಾಪುಟ, ಬೆಲೆ ಒಂದು ಶಿಲ್ಲಿಂಗ್. ಅದರ ಯಶಸ್ಸಿನ ಹಿಂದೆಯೇ ‘ಏರ್ ಏಸ್’ (1960), ‘ಬ್ಯಾಟಲ್’ (1961), ‘ವಾರ್ ಅಟ್ ಸೀ’ (1962) ಎಂಬ ಮಾಲೆಗಳು ಬಂದವು. 1961ರ ಬೇಸಗೆಯಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಡಿ.ಸಿ. ಥಾಮ್ಸನ್ ಸಂಸ್ಥೆ ‘ಕಮಾಂಡೋ’ ಹೊರತಂದಿತು. ಮೊದಲ ಸಂಚಿಕೆಯ ರಕ್ಷಾಪುಟ ಕೆನ್ ಬಾರ್ ಅವರದು. ಉಳಿದ ಮಾಲೆಗಳು 1984ರ ಹೊತ್ತಿಗೆ ನಿಂತುಹೋದವು. ‘ಕಮಾಂಡೋ’ ಮಾತ್ರ 2017ರಲ್ಲಿ ಐದು ಸಾವಿರದ ಸಂಚಿಕೆಯನ್ನು ಮುಟ್ಟಿ ಇಂದಿಗೂ ಅಚ್ಚಾಗುತ್ತಿದೆ.

ಯುದ್ಧವನ್ನು ಸಾಮಾನ್ಯ ಸೈನಿಕನ ಕಣ್ಣಿನಿಂದ ನೋಡುವ ಬರವಣಿಗೆ ಬೇರೆ ಕಡೆಯೂ ಬೆಳೆದಿತ್ತು. ಅರ್ಜೆಂಟೀನಾದಲ್ಲಿ ಎಕ್ಟರ್ ಓಸ್ಟರ್‌ಹೆಲ್ಡ್ 1957ರಲ್ಲಿ ‘ಎರ್ನಿ ಪೈಕ್’ ಎಂಬ ಯುದ್ಧ ವರದಿಗಾರನ ಕಥೆಗಳನ್ನು ಬರೆದ. ಚಿತ್ರ ಬರೆದ ಇಟಲಿಯ ಹ್ಯೂಗೋ ಪ್ರಾಟ್ ಆ ವರದಿಗಾರನಿಗೆ ಓಸ್ಟರ್‌ಹೆಲ್ಡನ ಮುಖವನ್ನೇ ಕೊಟ್ಟ. ಇಪ್ಪತ್ತು ವರ್ಷದ ಅನಂತರ, 1977ರಲ್ಲಿ, ಸೇನಾ ಸರ್ವಾಧಿಕಾರದ ಆಳ್ವಿಕೆ ಓಸ್ಟರ್‌ಹೆಲ್ಡನನ್ನು ಹಿಡಿದೊಯ್ದಿತು; ಆತ ಮರಳಲಿಲ್ಲ. ಬ್ರಿಟನ್ನಿನಲ್ಲಿ 1979ರಿಂದ ‘ಬ್ಯಾಟಲ್’ ವಾರಪತ್ರಿಕೆಯಲ್ಲಿ ಬಂದ ‘ಚಾರ್ಲೀಸ್ ವಾರ್’ ಮೊದಲ ಮಹಾಯುದ್ಧದ ಕಂದಕಗಳ ಕಥೆ. ಪ್ಯಾಟ್ ಮಿಲ್ಸ್ ಬರೆದು ಜೋ ಕಾಲ್ಹೂನ್ ಚಿತ್ರಿಸಿದ ಇದನ್ನು ಯುದ್ಧವಿರೋಧಿ ಕಾಮಿಕ್ಸ್‌ನ ಮೇಲ್ಪಂಕ್ತಿ ಎಂದು ಎಣಿಸಲಾಗುತ್ತದೆ. ಜಪಾನಿನ ಮಿಜುಕಿ ಶಿಗೆರು ರಬೌಲಿನ ಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದು, ಉಳಿದ ಒಂದೇ ಕೈಯಲ್ಲಿ ಆ ಅನುಭವವನ್ನು 1973ರಲ್ಲಿ ಪುಸ್ತಕ ಮಾಡಿದ.

ಹೆಸರು ಏಕಿರಲಿಲ್ಲ

ಬ್ರಿಟಿಷ್ ಕಿರುಪುಸ್ತಕಗಳನ್ನು ತೆರೆದರೆ ಬರೆದವನ ಹೆಸರೂ ಇಲ್ಲ, ಚಿತ್ರಿಸಿದವನ ಹೆಸರೂ ಇಲ್ಲ. ಇದಕ್ಕೆ ವ್ಯಾಪಾರದ ಕಾರಣಗಳಿದ್ದವು. ತಿಂಗಳಿಗೆ ಹಲವು ಪುಸ್ತಕ ಹೊರಡಬೇಕಾಗಿದ್ದಾಗ ಊರಿನ ಕಲಾವಿದರು ಸಾಲಲಿಲ್ಲ. ಮಧ್ಯವರ್ತಿ ಏಜೆನ್ಸಿಗಳ ಮೂಲಕ ಇಟಲಿ, ಸ್ಪೇನ್, ಅರ್ಜೆಂಟೀನಾದ ಸ್ಟುಡಿಯೋಗಳಿಗೆ ಕೆಲಸ ಹಂಚಲಾಯಿತು. ಪುಟಕ್ಕೆ ಇಷ್ಟು ಎಂದು ಕೂಲಿ. ಮೂಲಚಿತ್ರವೂ ಹಕ್ಕೂ ಪ್ರಕಾಶಕರ ಸೊತ್ತು. ಕಲಾವಿದನ ಹೆಸರು ಓದುಗರಿಗೆ ಪರಿಚಯವಾದರೆ ಆತ ಹೆಚ್ಚು ಕೇಳುತ್ತಾನೆ, ಅಥವಾ ಎದುರಾಳಿ ಸಂಸ್ಥೆ ಅವನನ್ನು ಎಳೆದುಕೊಳ್ಳುತ್ತದೆ ಎಂಬ ಅಂಜಿಕೆ ಬೇರೆ. ಚಿತ್ರದ ಮೂಲೆಯಲ್ಲಿ ಯಾರಾದರೂ ಸಹಿ ಹಾಕಿದ್ದರೆ ಬಿಳಿ ಬಣ್ಣ ಬಳಿದು ಅಳಿಸುವುದೂ ಇತ್ತು. ಬ್ರಿಟಿಷ್ ಕಾಮಿಕ್ಸ್‌ನಲ್ಲಿ ಹೆಸರು ಅಚ್ಚಾಗುವ ರೂಢಿ ನೆಲೆಯೂರಿದ್ದು 1977ರಲ್ಲಿ ಆರಂಭವಾದ ‘2000 ಎ.ಡಿ.’ ವಾರಪತ್ರಿಕೆಯಿಂದ.

ಹೀಗೆ ಮರೆಗೆ ಸರಿದವರ ಸಾಲು ದೊಡ್ಡದು. ಮುಂದೆ ‘ಕೊರ್ತೊ ಮಾಲ್ತೇಸೆ’ಯಿಂದ ಯುರೋಪಿನಲ್ಲೆಲ್ಲ ಹೆಸರಾದ ಹ್ಯೂಗೋ ಪ್ರಾಟ್ ಕೂಡ ‘ವಾರ್ ಪಿಕ್ಚರ್ ಲೈಬ್ರರಿ’ಗೆ ಹೆಸರಿಲ್ಲದೆ ದುಡಿದವನೇ. ಜೀನೋ ದಾಂತೋನಿಯೋ, ಫೆರ್ಡಿನಾಂಡೋ ತಕ್ಕೋನಿ, ಸೋಲಾನೋ ಲೋಪೆಸ್ ಅವರದೂ ಇದೇ ಪಾಡು. ಗೋರ್ಡನ್ ಲಿವಿಂಗ್‌ಸ್ಟನ್ ‘ಕಮಾಂಡೋ’ಗೆ ನೂರಾರು ಸಂಚಿಕೆಗಳನ್ನು ಬರೆದರು. ಡಂಡೀಯಲ್ಲೇ ಹುಟ್ಟಿದ ಇಯನ್ ಕೆನಡಿ (1932–2022) ಸಾವಿರಕ್ಕೂ ಹೆಚ್ಚು ರಕ್ಷಾಪುಟಗಳನ್ನು ಚಿತ್ರಿಸಿದರು; ಅವರ ವಿಮಾನಗಳನ್ನು ನೋಡಿ ಬೆರಗಾದ ಹುಡುಗರಿಗೆ ಅವರ ಹೆಸರು ತಿಳಿದದ್ದು ತಲೆ ನರೆತ ಮೇಲೆ.

ಕೂಲಿಗೆ ಬರೆದ ಚಿತ್ರದ ಬೆಲೆ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ. ರಾಯ್ ಲಿಕ್ಟೆನ್‌ಸ್ಟೈನ್ 1963ರಲ್ಲಿ ಬರೆದ ‘ವ್ಹಾಮ್!’ ಎಂಬ ಬೃಹತ್ ಚಿತ್ರ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. ಅದರ ಮೂಲ, 1962ರಲ್ಲಿ ‘ಆಲ್-ಅಮೆರಿಕನ್ ಮೆನ್ ಆಫ್ ವಾರ್’ನ 89ನೆಯ ಸಂಚಿಕೆಯಲ್ಲಿ ಅರ್ವ್ ನೋವಿಕ್ ಬರೆದ ಒಂದು ಚೌಕಟ್ಟು. ಗ್ಯಾಲರಿಗೆ ಬಂದವರು ಲಿಕ್ಟೆನ್‌ಸ್ಟೈನ್ ಹೆಸರನ್ನು ಓದಿಕೊಂಡು ಹೋಗುತ್ತಾರೆ. ನೋವಿಕ್ ಹೆಸರನ್ನು ಹುಡುಕಿ ಹೇಳಿದವರಲ್ಲಿ ಹಳೆಯ ಸಂಚಿಕೆ ಕೂಡಿಡುವವರೇ ಮುಖ್ಯರು.

ಕರ್ನಾಟಕಕ್ಕೆ ಬಂದ ದಾರಿ

‘ಕಮಾಂಡೋ’ ಮತ್ತು ಅದರ ಓರಗೆಯ ಪುಸ್ತಕಗಳು ಬೆಂಗಳೂರಿಗೆ ಬಂದಾಗ ಮೊದಲು ನೆಲೆ ಕಂಡದ್ದು ಇಂಗ್ಲಿಷ್ ಓದು ಹೆಚ್ಚಿದ್ದ ದಂಡಿನ ಪ್ರದೇಶದಲ್ಲಿ. ಕೊಂಡು ಓದಿದವರು ಕಡಿಮೆ. ದಿನಕ್ಕೆ ಇಷ್ಟು ಎಂದು ಬಾಡಿಗೆ ಕೊಟ್ಟು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಒಯ್ದವರು, ಒಬ್ಬರಿಂದೊಬ್ಬರು ಎರವಲು ಪಡೆದವರು ಹೆಚ್ಚು. ಅಲ್ಲಿ ಸವೆದ ಪ್ರತಿಗಳು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲಿಗೂ ಮೆಜೆಸ್ಟಿಕ್ಕಿನ ಫುಟ್‌ಪಾತಿಗೂ ಇಳಿದವು. 1945ರಲ್ಲಿ ಕೆ.ಬಿ.ಕೆ. ರಾವ್ ಆರಂಭಿಸಿದ ಸೆಲೆಕ್ಟ್ ಬುಕ್ ಶಾಪ್‌ನಂಥ ಅಂಗಡಿಗಳಲ್ಲೂ, ಈಚಿನ ದಶಕಗಳಲ್ಲಿ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಮಳಿಗೆಗಳಲ್ಲೂ ಹುಡುಕುವವರು ಕಪಾಟಿನ ತಳದ ಸಾಲಿಗೆ ಬಗ್ಗಿ ನೋಡುವುದು ರೂಢಿ. ಕಿರುಪುಸ್ತಕಗಳಿಗೆ ಜಾಗ ಸಿಗುವುದು ಅಲ್ಲಿಯೇ.

ಜಿಲ್ಲೆಗಳ ಕಥೆ ಬೇರೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಂಥ ಕಡೆ, ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಂಥ ಹೋಬಳಿ ಊರಿನಲ್ಲಿ, ಮಕ್ಕಳ ಕೈಗೆ ಸಿಗುತ್ತಿದ್ದ ಚಿತ್ರದ ಓದು ಕನ್ನಡದ್ದು. ಪೇಟೆಗೆ ಹೋದ ಹಿರಿಯರು ಬಸ್ ನಿಲ್ದಾಣದ ಅಂಗಡಿಯಿಂದಲೋ ರೈಲು ನಿಲ್ದಾಣದ ಪುಸ್ತಕ ಮಳಿಗೆಯಿಂದಲೋ ತಂದದ್ದು, ಶಾಲೆಯ ಬಹುಮಾನವಾಗಿ ಬಂದದ್ದು, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅನಂತರ ಊರೂರಿಗೆ ಹರಡಿದ ಗ್ರಂಥಾಲಯಗಳಲ್ಲಿ ಓದಿದ್ದು. ಓದಿ ಮುಗಿದ ಪ್ರತಿಗೆ ಎರಡೇ ಗತಿ: ರದ್ದಿಯವನ ತಕ್ಕಡಿ, ಇಲ್ಲವೇ ಶೆಟ್ಟರ ಅಂಗಡಿಯ ಪೊಟ್ಟಣ. ಲಕ್ಷಗಟ್ಟಲೆ ಅಚ್ಚಾದ ಸಂಚಿಕೆಯೂ ಇಂದು ಅಪರೂಪವಾಗಿರುವುದಕ್ಕೆ ಈ ತಕ್ಕಡಿಯೇ ಕಾರಣ.

ಕನ್ನಡದ ಯುದ್ಧಚಿತ್ರ

ಕನ್ನಡದ ಮಕ್ಕಳು ಕಂಡ ಮೊದಲ ಬಣ್ಣದ ಯುದ್ಧ ಬಹುಮಟ್ಟಿಗೆ ಕುರುಕ್ಷೇತ್ರವೇ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಮದರಾಸಿನಲ್ಲಿ 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂತು. ಅದು ಚೌಕಟ್ಟಿನ ಕಾಮಿಕ್ಸ್ ಅಲ್ಲ. ಕಥೆಯ ಪಕ್ಕದಲ್ಲಿ ಚಿತ್ರ ನಡೆಯುವ ಪತ್ರಿಕೆ. ಆದರೆ ರಥ, ಬಿಲ್ಲು, ಗದೆ, ಕವಚ ಹೀಗೇ ಇರುತ್ತವೆ ಎಂಬ ಕಣ್ಣಿನ ರೂಢಿಯನ್ನು ಎರಡು ತಲೆಮಾರಿಗೆ ಕೊಟ್ಟದ್ದು ಅದೇ. ಅದರ ಆರಂಭದ ಕಾಲದ ಮುಖ್ಯ ಕಲಾವಿದ ಎಂ.ಟಿ.ವಿ. ಆಚಾರ್ಯ ಕನ್ನಡಿಗರು, ಮೈಸೂರಿನವರು. ಮಹಾಭಾರತದ ಪ್ರಸಂಗಗಳನ್ನು ಚಿತ್ರಿಸಿದ ಅವರ ರಕ್ಷಾಪುಟಗಳಲ್ಲಿ ದೇಹದ ತೂಕವೂ ಬಟ್ಟೆಯ ಮಡಿಕೆಯೂ ಕಣ್ಣೆದುರು ಮಾದರಿಯನ್ನು ನಿಲ್ಲಿಸಿಕೊಂಡು ಬರೆದಂತಿವೆ. ಆಮೇಲೆ ಅವರು ಬೆಂಗಳೂರಿಗೆ ಮರಳಿ, ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಅವರ ಅನಂತರ ರಕ್ಷಾಪುಟಗಳನ್ನು ನೋಡಿಕೊಂಡವರು ವಡ್ಡಾದಿ ಪಾಪಯ್ಯ, ‘ವ.ಪಾ.’ ಎಂಬ ತೆಲುಗು ಅಕ್ಷರದ ಸಹಿಯೇ ಅವರ ಗುರುತು. ಒಳಪುಟಗಳಲ್ಲಿ ‘ಚಿತ್ರಾ’ ಎಂದು ಸಹಿ ಹಾಕುತ್ತಿದ್ದ ಟಿ.ವಿ. ರಾಘವನ್ ಮತ್ತು ‘ಶಂಕರ್’ ಎಂದೇ ಹೆಸರಾದ ಕೆ.ಸಿ. ಶಿವಶಂಕರನ್ ಇದ್ದರು. ಬೇತಾಳವನ್ನು ಹೆಗಲಿಗೇರಿಸಿದ ವಿಕ್ರಮನ ಚಿತ್ರ ಶಂಕರ್ ಅವರದು. ಅವರು ತೀರಿಕೊಂಡದ್ದು 2020ರಲ್ಲಿ. ಪದ್ಮಶ್ರೀ ಬಂದದ್ದು ಮರುವರ್ಷ.

ಚೌಕಟ್ಟಿನ ಕಾಮಿಕ್ಸ್ ಕನ್ನಡಕ್ಕೆ ಬಂದದ್ದು ಅರುವತ್ತರ ದಶಕದಲ್ಲಿ. 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಆರಂಭಿಸಿದ ‘ಇಂದ್ರಜಾಲ ಕಾಮಿಕ್ಸ್’ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಫ್ಯಾಂಟಮ್, ಮಾಂಡ್ರೇಕರನ್ನು ತಂದಿತು. ಅದರ ರಕ್ಷಾಪುಟಗಳನ್ನು ಬರೆದ ಗೋವಿಂದ ಬ್ರಹ್ಮಾನಿಯಾ ಅವರೇ 1976ರಲ್ಲಿ ಆಬಿದ್ ಸುರತಿ ಕಲ್ಪಿಸಿದ ‘ಬಹದ್ದೂರ್’ನ ಮೊದಲ ಚಿತ್ರಕಾರರು. ಇವು ಸಾಹಸಕಥೆಗಳು, ಯುದ್ಧದ ಚಿತ್ರಕಥೆಯ ನೆರೆಯ ಪ್ರಕಾರ.

ಯುದ್ಧವನ್ನೇ ನಡುವಿಗೆ ತಂದದ್ದು ‘ಅಮರ ಚಿತ್ರಕಥೆ’. ಅದರ ಹುಟ್ಟಿನೊಂದಿಗೆ ಕರ್ನಾಟಕದ ನಂಟು ಎರಡು ಕಡೆಯಿಂದ ಇದೆ. ಸಂಪಾದಕ ಅನಂತ ಪೈ (1929–2011) ಹುಟ್ಟಿದ್ದು ಕಾರ್ಕಳದಲ್ಲಿ. ಇನ್ನು, ಈ ಹೆಸರಿನ ಮೊದಲ ಪುಸ್ತಕಗಳು 1965ರಲ್ಲಿ ಕನ್ನಡದಲ್ಲೇ ಬಂದವು ಎಂದು ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಹೇಳಿಕೊಂಡಿದ್ದರು. ಆ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಿನ್ನರಕಥೆಗಳು. ಭಾರತೀಯ ಕಥೆಗಳ ಸಾಲು ‘ಕೃಷ್ಣ’ದಿಂದ ಆರಂಭವಾಗಿ ಅದಕ್ಕೆ ಹನ್ನೊಂದನೆಯ ಸಂಖ್ಯೆ ಬಿದ್ದದ್ದು ಇದರಿಂದಲೇ. ಅನಂತ ಪೈ ಅವರ ಯೋಜನೆ 1967ರದು. ಎರಡು ಹೇಳಿಕೆಗಳ ನಡುವಿನ ವಿವಾದ ಏನೇ ಇರಲಿ, 1965ರ ಕನ್ನಡ ಪ್ರತಿಯೊಂದು ಕೈಗೆ ಸಿಕ್ಕರೆ ಅದು ಭಾರತೀಯ ಕಾಮಿಕ್ಸ್ ಚರಿತ್ರೆಯ ದಾಖಲೆಯೇ ಆಗುತ್ತದೆ.

ಈ ಮಾಲೆಯಲ್ಲಿ ಕಲಾವಿದನ ಹೆಸರು ಒಳಪುಟದಲ್ಲಿ ಅಚ್ಚಾಗುತ್ತಿತ್ತು. ಬ್ರಿಟಿಷ್ ಕಿರುಪುಸ್ತಕಗಳಿಗೆ ಹೋಲಿಸಿದರೆ ಅದು ದೊಡ್ಡ ಮಾತು. ಆದರೂ ಮನೆಮಾತಾದದ್ದು ಸಂಪಾದಕನ ಹೆಸರು. ‘ಕೃಷ್ಣ’ವನ್ನು ಚಿತ್ರಿಸಿದ ರಾಮ್ ವಾಯೀರ್ಕರ್ ಅವರನ್ನು ಇಂದು ನೆನೆಯುವವರು ಬಹುಪಾಲು ‘ಸುಪ್ಪಂಡಿ’ ಎಂಬ ಪಾತ್ರದ ಮೂಲಕ ನೆನೆಯುತ್ತಾರೆ. ಪ್ರತಾಪ್ ಮುಳಿಕ್ ಮುಂದೆ ಹಿಂದಿಯ ‘ನಾಗರಾಜ’ನಿಗೆ ರೂಪ ಕೊಟ್ಟರು. 1985ರಿಂದ 42 ಸಂಚಿಕೆಗಳಲ್ಲಿ ಬಂದ ‘ಮಹಾಭಾರತ’ದ ಹೆಚ್ಚಿನ ಭಾರ ಹೊತ್ತವರು ದಿಲೀಪ್ ಕದಮ್. ಯೂಸುಫ್ ಬ್ಯಾಂಗಲೋರ್‌ವಾಲಾ, ಸಿ.ಎಂ. ವಿಟಣಕರ್, ಸೌರೇನ್ ರಾಯ್ ಇವರ ಹೆಸರುಗಳನ್ನು ಬಲ್ಲವರು ಇನ್ನೂ ಕಡಿಮೆ.

ಆಧುನಿಕ ಯುದ್ಧ ಕನ್ನಡದ ಕಾಮಿಕ್ಸ್‌ನಲ್ಲಿ ಏಕೆ ಬೇರೂರಲಿಲ್ಲ ಎಂಬುದಕ್ಕೆ ಉತ್ತರ ಮಾರುಕಟ್ಟೆಯಲ್ಲಿದೆ. ಬಣ್ಣದ ಚಿತ್ರಪುಟ ದುಬಾರಿ. ಒಂದೇ ಭಾಷೆಯ ಮಾರಾಟದಿಂದ ಆ ಖರ್ಚು ಹುಟ್ಟುವುದಿಲ್ಲ. ಚಿತ್ರವನ್ನು ಒಮ್ಮೆ ಬರೆಯಿಸಿ, ಬಣ್ಣದ ಫಿಲ್ಮನ್ನು ಹಾಗೇ ಇಟ್ಟು, ಅಕ್ಷರವಿರುವ ಕಪ್ಪು ಫಿಲ್ಮನ್ನು ಮಾತ್ರ ಭಾಷೆಗೊಂದರಂತೆ ಬದಲಿಸುವುದು ಬಹುಭಾಷಾ ಮುದ್ರಣದ ವಾಡಿಕೆ. ಅಂಥ ಪುಸ್ತಕಕ್ಕೆ ದೇಶಕ್ಕೆಲ್ಲ ಗೊತ್ತಿರುವ ಕಥೆಯೇ ಬೇಕು. ಅರ್ಜುನನಿಗೆ ಎಲ್ಲ ಭಾಷೆಯಲ್ಲೂ ಓದುಗರಿದ್ದಾರೆ. ಇದೇ ವಾಡಿಕೆಯಿಂದ ಇನ್ನೊಬ್ಬ ಕೆಲಸಗಾರನೂ ಮರೆಯಾದ: ಇಂಗ್ಲಿಷಿನ ಅಳತೆಗೆ ಬರೆದ ಮಾತಿನ ಗುಳ್ಳೆಯೊಳಗೆ ಒತ್ತಕ್ಷರ, ಕೊಂಬು, ದೀರ್ಘ ಯಾವುದೂ ಗೆರೆ ಮುಟ್ಟದ ಹಾಗೆ ಕನ್ನಡವನ್ನು ಕೂರಿಸಿದ ಅಕ್ಷರಕಾರ. ಚಿತ್ರಕಾರನ ಹೆಸರಾದರೂ ಒಳಪುಟದಲ್ಲಿದೆ; ಇವನಿಗೆ ಅದೂ ಇಲ್ಲ.

ಕೈಯ ಗುರುತು

ಸಹಿಯಿಲ್ಲದ ಪುಟದಲ್ಲಿ ಕಲಾವಿದನನ್ನು ಪತ್ತೆಮಾಡುವುದಕ್ಕೆ ಸಂಗ್ರಾಹಕರು ಕೆಲವು ದಾರಿಗಳನ್ನು ಕಂಡುಕೊಂಡಿದ್ದಾರೆ. ಮುಖಕ್ಕಿಂತ ಕೈಬೆರಳು, ಕಿವಿ, ಬಟ್ಟೆಯ ಸುಕ್ಕು, ಹೊಗೆ ಮತ್ತು ಎಲೆಗಳನ್ನು ನೋಡುವುದು ಮೊದಲ ಪಾಠ. ಮುಖವನ್ನು ಸಂಪಾದಕ ತಿದ್ದಿಸಿರಬಹುದು. ಮೂಲೆಯ ಹುಲ್ಲನ್ನು ಯಾರೂ ತಿದ್ದಿಸುವುದಿಲ್ಲ. ಪ್ರಾಟ್ ಕುಂಚದಲ್ಲಿ ಮಸಿಯನ್ನು ಧಾರಾಳವಾಗಿ ಚೆಲ್ಲಿ, ಅರ್ಧ ಮುಖವನ್ನು ನೆರಳಿಗೆ ಬಿಟ್ಟು, ಸಮುದ್ರವನ್ನು ನಾಲ್ಕು ಎಳೆತದಲ್ಲಿ ಮುಗಿಸುತ್ತಾನೆ. ಕೆನಡಿಯ ವಿಮಾನ ಯಾವಾಗಲೂ ಓರೆಯಾಗಿ, ನೋಡುವವನ ಕಡೆಗೇ ತಿರುಗುತ್ತಿರುವಂತೆ ಬರುತ್ತದೆ. ಅದರ ಹಿಂದಿನ ಆಕಾಶಕ್ಕೂ ಒಂದು ಹೊತ್ತು, ಒಂದು ಹವೆ ಇರುತ್ತದೆ.

ಎರಡನೆಯ ದಾರಿ ಹೋಲಿಕೆ. ಬೇರೆ ದೇಶದಲ್ಲಿ ಹೆಸರು ಹಾಕಿ ಪ್ರಕಟವಾದ ಕೆಲಸದ ಪಕ್ಕದಲ್ಲಿ ಹೆಸರಿಲ್ಲದ ಪುಟವನ್ನಿಟ್ಟು ನೋಡುವುದು. ಮೂರನೆಯದು ಕಾಗದಪತ್ರ: ಪ್ರಕಾಶಕರ ಪಾವತಿ ಪುಸ್ತಕ, ಏಜೆನ್ಸಿಯ ದಾಖಲೆ, ಮೂಲಚಿತ್ರದ ಹಿಂಬದಿಯ ಬರಹ, ಕಲಾವಿದರು ಮತ್ತು ಅವರ ಕುಟುಂಬದವರ ನೆನಪು. ಕಲಾವಿದನೂ ಆದ ಡೇವಿಡ್ ರೋಚ್ ಬ್ರಿಟಿಷ್ ಕಿರುಪುಸ್ತಕಗಳ ರಕ್ಷಾಪುಟಗಳನ್ನು 2007ರಲ್ಲಿ ಸಂಕಲಿಸಿದಾಗ, ಜೋರ್ಜೋ ದೆ ಗಾಸ್ಪಾರಿ, ಪೀನೋ ದೆಲ್ಲೋರ್ಕೋ, ಜೋರ್ಡಿ ಪೆನಾಲ್ವಾ ಮುಂತಾದವರ ವರ್ಣಚಿತ್ರಗಳು ಕಲೆಯ ಪುಸ್ತಕವಾಗಿ ಮೊದಲ ಸಲ ದೊಡ್ಡ ಅಳತೆಯಲ್ಲಿ ಓದುಗರ ಮುಂದೆ ಬಂದವು. ಆ ಹಳೆಯ ಮಾಲೆಗಳ ಹಕ್ಕನ್ನು 2016 ಮತ್ತು 2018ರಲ್ಲಿ ಕೊಂಡ ರೆಬೆಲಿಯನ್ ಸಂಸ್ಥೆ ಈಗ ಕಲಾವಿದರ ಹೆಸರನ್ನು ಹಾಕಿಯೇ ಮರುಮುದ್ರಿಸುತ್ತಿದೆ.

ಕನ್ನಡದ ಸಂಚಿಕೆಗಳಿಗೆ ಈ ಕೆಲಸ ಕೆಲವು ಕಡೆ ಸುಲಭ, ಕೆಲವು ಕಡೆ ಕಷ್ಟ. ‘ಚಂದಮಾಮ’ದವರು ಸಹಿ ಹಾಕುತ್ತಿದ್ದರು, ‘ಅಮರ ಚಿತ್ರಕಥೆ’ಯಲ್ಲಿ ಹೆಸರು ಅಚ್ಚಾಗಿದೆ. ರಕ್ಷಾಪುಟ ಬರೆದವರೂ ಒಳಪುಟ ಬರೆದವರೂ ಬೇರೆಯಾಗಿದ್ದಾಗ, ಬಣ್ಣ ತುಂಬಿದವರು ಮೂರನೆಯವರಾಗಿದ್ದಾಗ ಮಾತ್ರ ತೊಡಕು. ಎಪ್ಪತ್ತರ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಎಲ್.ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ಹೊರತಂದ ‘ಭಾರತ ಭಾರತಿ’ ಮಾಲೆಯ 510 ಕಿರುಪುಸ್ತಕಗಳು ಕಾಮಿಕ್ಸ್ ಅಲ್ಲದಿದ್ದರೂ ಈ ಹುಡುಕಾಟಕ್ಕೆ ಒಳಪಡುತ್ತವೆ. ವೀರರ ಜೀವನಚರಿತ್ರೆಗಳನ್ನು ಬರೆದ ಲೇಖಕರನ್ನು ಓದುಗರು ಬಲ್ಲರು. ಅದೇ ಪುಸ್ತಕಗಳ ಚಿತ್ರಕಾರರ ಮೇಲೆ ಬೆಳಕು ಬಿದ್ದದ್ದು ಕಡಿಮೆ.

ಕಲ್ಲಿನ ಮೇಲಿನ ಸಹಿ

ಚಿತ್ರದಲ್ಲಿ ಯುದ್ಧ ಹೇಳುವುದೂ, ಹೇಳಿದವನು ಹೆಸರು ಬರೆಯುವುದೂ ತಿಪಟೂರು, ತುರುವೇಕೆರೆ ಕಡೆಯ ತೆಂಗಿನ ಸೀಮೆಗೆ ಹೊಸದಲ್ಲ. ಊರ ಮುಂದಿನ ವೀರಗಲ್ಲು ಚೌಕಟ್ಟು ಕಟ್ಟಿದ ಯುದ್ಧಕಥೆಯೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕುಳಿತಿರುವುದು. ಕಾಮಿಕ್ಸ್ ಪುಟ ಮೇಲಿನಿಂದ ಕೆಳಕ್ಕೆ ಓದಿಸಿಕೊಂಡರೆ ಇದು ಕೆಳಗಿನಿಂದ ಮೇಲಕ್ಕೆ. ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 900ರ ಬೇಗೂರಿನ ವೀರಗಲ್ಲಿನಲ್ಲಿ ಆನೆ, ಕುದುರೆ, ಬಿದ್ದ ಹೆಣ ಎಲ್ಲವೂ ಒಂದೇ ದೊಡ್ಡ ಚೌಕಟ್ಟಿನಲ್ಲಿ ಇಡಿಕಿರಿದಿವೆ. ಅದು ಗಂಗರ ಕಾಲದ ಕಾಳಗ. ತುಮಕೂರು ಜಿಲ್ಲೆಯ ಶಾಸನಗಳನ್ನು, ಅವುಗಳೊಂದಿಗೆ ವೀರಗಲ್ಲುಗಳ ಬರಹವನ್ನು, ಬಿ.ಎಲ್. ರೈಸ್ 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಸಂಗ್ರಹದ ಜೊತೆಗೆ ಪಟ್ಟಿ ಎಂಬ ಶಿಸ್ತಿಗೆ ಈ ಸೀಮೆಯಲ್ಲಿ ಅದು ಹಳೆಯ ಮಾದರಿ.

ವೀರಗಲ್ಲಿನಲ್ಲಿ ಸತ್ತವನ ಹೆಸರು ಮುಖ್ಯ, ಕಡೆದವನದು ಅಪರೂಪ. ಹೊಯ್ಸಳ ಗುಡಿಗಳಲ್ಲಿ ಇದು ತಿರುವುಮುರುವಾಯಿತು. ಹಳೇಬೀಡಿನ ಗುಡಿಯ ಪಟ್ಟಿಕೆಯಲ್ಲಿ ಅಭಿಮನ್ಯು ಚಕ್ರವ್ಯೂಹ ಹೊಗುತ್ತಾನೆ, ಭೀಷ್ಮ ಶರಶಯ್ಯೆಯಲ್ಲಿ ಮಲಗುತ್ತಾನೆ. ಪ್ರದಕ್ಷಿಣೆ ಬರುವವನ ನಡಿಗೆಯೇ ಪುಟ ಮಗುಚುವುದು. ಈ ಕಾಲದ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರನ್ನು ಕಂಡರಿಸಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ಗುಡಿಯಲ್ಲಿ ಹೊನ್ನೋಜ. ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, 1246ರ ಲಕ್ಷ್ಮೀನರಸಿಂಹ ಗುಡಿಯಲ್ಲಿ, ಬೈಚೋಜ ಮತ್ತು ಮಲ್ಲಿತಮ್ಮ. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಸಿಗುತ್ತದೆ.

ಸಹಿಯೊಂದೇ ಸಾಲದು ಎಂಬುದಕ್ಕೂ ಇಲ್ಲಿಯೇ ಸಾಕ್ಷಿ ಇದೆ. ತುಮಕೂರಿನ ಬಳಿಯ ಕೈದಾಳದೊಂದಿಗೆ ಐತಿಹ್ಯ ಬೆಸೆದಿರುವ ಜಕಣಾಚಾರಿಯ ಹೆಸರು ಮಕ್ಕಳ ಬಾಯಲ್ಲೂ ಇದೆ. ಗುಡಿಗುಡಿಗಳಲ್ಲಿ ಸಹಿ ಬಿಟ್ಟುಹೋದ ಮಲ್ಲಿತಮ್ಮನನ್ನು ಬಲ್ಲವರು ಶಾಸನ ಓದಿದವರಷ್ಟೇ. ಹೆಸರು ಉಳಿಯಲು ಬರೆದವನ ಸಹಿಯ ಜೊತೆಗೆ ಅದನ್ನು ಓದಿ ಹೇಳುವವರೂ ಬೇಕು. ಕಾಮಿಕ್ಸ್‌ನ ವಿಷಯದಲ್ಲಿ ಆ ಓದಿ ಹೇಳುವ ಕೆಲಸ ಸಂಗ್ರಾಹಕನ ಪಾಲಿಗೆ ಬಂದಿದೆ.

ಆಯ್ಕೆ ಮತ್ತು ಸ್ಥಿತಿ

ಎಲ್ಲವನ್ನೂ ಕೂಡಿಡುವುದು ಆಗದ ಕೆಲಸ. ಒಬ್ಬ ಕಲಾವಿದ, ಒಂದು ಮಾಲೆ, ಒಂದು ವಸ್ತು ಅಥವಾ ಒಂದು ಭಾಷೆ ಎಂದು ಗೆರೆ ಹಾಕಿಕೊಂಡವರ ಸಂಗ್ರಹಗಳೇ ಉಪಯುಕ್ತವಾಗಿವೆ. ‘ಅಮರ ಚಿತ್ರಕಥೆ’ಯಂಥ ಮಾಲೆಯಲ್ಲಿ ಮೊದಲ ಮುದ್ರಣ ಮತ್ತು ಮರುಮುದ್ರಣಗಳನ್ನು ಬಿಡಿಸಿಕೊಳ್ಳಲು ಬೆಲೆ, ಪ್ರಕಾಶಕರ ವಿಳಾಸ, ಹಿಂಬದಿಯ ಜಾಹೀರಾತು, ಒಳರಕ್ಷಾಪುಟದಲ್ಲಿ ಕೊಟ್ಟ ಪುಸ್ತಕಗಳ ಪಟ್ಟಿ ನೆರವಾಗುತ್ತವೆ. ಮರುಮುದ್ರಣದಲ್ಲಿ ರಕ್ಷಾಪುಟ, ಬಣ್ಣ, ಸಂಖ್ಯೆ ಎಲ್ಲವೂ ಬದಲಾಗಿರಬಹುದು.

ಪ್ರತಿಯ ಸ್ಥಿತಿಯನ್ನು ಅಳೆಯುವಾಗ ಮೊದಲು ನೋಡುವುದು ರಕ್ಷಾಪುಟ, ಆಮೇಲೆ ಪಿನ್ನು, ಆಮೇಲೆ ನಡುಹಾಳೆ. ಪಿನ್ನು ತುಕ್ಕು ಹಿಡಿದರೆ ಮೊದಲು ಉದುರುವುದು ನಡುಹಾಳೆಯೇ. ಕನ್ನಡ ಪ್ರತಿಗಳಲ್ಲಿ ಒಂದು ವಿಶೇಷ ತೊಂದರೆ, ಬೈಂಡು. ಹನ್ನೆರಡು ತಿಂಗಳ ‘ಚಂದಮಾಮ’ವನ್ನು ಒಟ್ಟಿಗೆ ಹೊಲಿಸಿ ರಟ್ಟು ಹಾಕಿಸುವುದು ಅನೇಕ ಮನೆಗಳ ರೂಢಿಯಾಗಿತ್ತು. ಬೈಂಡಿನವನು ಅಂಚು ಕತ್ತರಿಸುವಾಗ ಚಿತ್ರದ ಮೂಲೆ ಹೋಗುತ್ತಿತ್ತು. ಸಹಿ ಇರುತ್ತಿದ್ದದ್ದೂ ಅಲ್ಲಿಯೇ. ಕೆಲವೊಮ್ಮೆ ರಕ್ಷಾಪುಟಗಳನ್ನೇ ಕಿತ್ತುಬಿಡುತ್ತಿದ್ದರು. ಹಾಗಿದ್ದರೂ ಬಿಡಿ ಸಂಚಿಕೆಗಳು ರದ್ದಿಗೆ ಹೋದಾಗ ಉಳಿದದ್ದು ಈ ರಟ್ಟಿನ ಸಂಪುಟಗಳು. ಬೆಲೆಯ ಲೆಕ್ಕದಲ್ಲಿ ಅವು ಕೆಳಗೆ, ಓದಿನ ಮತ್ತು ಅಧ್ಯಯನದ ಲೆಕ್ಕದಲ್ಲಿ ಮೇಲೆ. ಹಳೆಯ ಓದುಗರ ಹೆಸರು, ಗ್ರಂಥಾಲಯದ ಮೊಹರು, ಬಹುಮಾನದ ಚೀಟಿ ಇವನ್ನು ಕಳಂಕವೆಂದು ಅಳಿಸಬಾರದು. ಪುಸ್ತಕ ಯಾವ ಊರಿಗೆ, ಯಾವ ವರ್ಷ ಬಂತು ಎಂಬುದನ್ನು ಹೇಳುವುದು ಅವೇ.

ತೆಂಗಿನ ಸೀಮೆಯಲ್ಲಿ ಕಾಗದ

ಅಗ್ಗದ ಕಾಮಿಕ್ಸ್ ಅಚ್ಚಾದದ್ದು ಮರದ ತಿರುಳನ್ನು ಅರೆದು ಮಾಡಿದ ಕಾಗದದ ಮೇಲೆ. ಅದರಲ್ಲಿ ಉಳಿದ ಲಿಗ್ನಿನ್ ಬೆಳಕಿಗೂ ಗಾಳಿಗೂ ಹಳದಿಗಟ್ಟುತ್ತದೆ. ಕಾಗದದೊಳಗಿನ ಆಮ್ಲ ನಾರನ್ನು ಮುರಿಯುತ್ತದೆ. ಬಿಸಿ ಮತ್ತು ತೇವ ಎರಡೂ ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ.

ತಿಪಟೂರು, ತುರುವೇಕೆರೆ ಕಡೆಯ ಮನೆಗಳಲ್ಲಿ ಹಳೆಯ ಪುಸ್ತಕ ಸೇರುವ ಜಾಗ ಸಾಮಾನ್ಯವಾಗಿ ಅಟ್ಟ. ಅದೇ ಅಟ್ಟದಲ್ಲಿ ಕೊಬ್ಬರಿಗಾಗಿ ಕಾಯಿ ಹಾಕಿರುತ್ತಾರೆ. ಸಿಪ್ಪೆಸಮೇತ ಎಂಟು ಹತ್ತು ತಿಂಗಳು, ವರ್ಷದವರೆಗೂ ಬಿಟ್ಟು, ಒಳಗಿನ ಗಿಟುಕು ಚಿಪ್ಪು ಬಿಟ್ಟು ಅಲ್ಲಾಡುವ ಹೊತ್ತಿಗೆ ಇಳಿಸಿ ಸುಲಿದರೆ ಉಂಡೆ ಕೊಬ್ಬರಿ. ಕೊಬ್ಬರಿಗೆ ಒಳ್ಳೆಯದಾದ ಅಟ್ಟ ಕಾಗದಕ್ಕೆ ಒಳ್ಳೆಯದಲ್ಲ. ಹೆಂಚಿನ ಕೆಳಗಿನ ಬಿಸಿ, ಹೊಸ ಕಾಯಿಯ ತೇವ, ಅಡುಗೆಮನೆಯಿಂದ ಏರುವ ಹೊಗೆ, ಕಾಯಿಗೆ ಬರುವ ಇಲಿ, ಕೊಬ್ಬರಿಗೆ ಬರುವ ಹುಳು ಎಲ್ಲವೂ ಅಲ್ಲಿವೆ. ನೆಲಮಟ್ಟದಲ್ಲಿ ಗೆದ್ದಲಿನ ಭಯ. ನಡುಮನೆಯ ಒಳಗೋಡೆಗೆ ತಾಗದಂತೆ ಇಟ್ಟ ಕಬ್ಬಿಣದ ಬೀರು ಇವೆಲ್ಲಕ್ಕಿಂತ ವಾಸಿ.

ಹಾಳೆ ಹರಿದಿದ್ದರೆ ಸೆಲ್ಲೋಟೇಪು ಹಾಕಬಾರದು. ಅದರ ಅಂಟು ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಮೈದಾ ಅಂಟು ಹುಳುವನ್ನು ಕರೆಯುತ್ತದೆ. ಅಗ್ಗದ ಪಿ.ವಿ.ಸಿ. ಕವರಿಗಿಂತ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಸುರಕ್ಷಿತ. ತಾಳೆಗರಿ ಕಟ್ಟುಗಳ ಕಾಲದಿಂದ ಬಂದಿರುವ ಬಜೆ, ಬೇವಿನ ಸೊಪ್ಪುಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಹಾಳೆಗೆ ತಾಗದಂತೆ ಬೀರುವಿನ ಮೂಲೆಯಲ್ಲಿಡಬಹುದು. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಎಲ್ಲವನ್ನೂ ಹೊರತೆಗೆದು, ನೆರಳಿನಲ್ಲಿ ಗಾಳಿಗೆ ಹರಡಿ, ಪುಟ ತಿರುವಿ ನೋಡುವುದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಆಕ್ಷೇಪಗಳು

ಯುದ್ಧದ ಚಿತ್ರಕಥೆಗಳ ಮೇಲಿನ ಆಕ್ಷೇಪಗಳು ಹುರುಳಿಲ್ಲದವಲ್ಲ. ಬ್ರಿಟಿಷ್ ಕಿರುಪುಸ್ತಕಗಳಲ್ಲಿ ಜರ್ಮನ್ ಮತ್ತು ಜಪಾನಿ ಸೈನಿಕರು ಬಹಳ ಕಾಲ ಅಚ್ಚಿಗೆ ಹಾಕಿದ ಖಳರಾಗಿಯೇ ಇದ್ದರು. ಎರಡನೆಯ ಮಹಾಯುದ್ಧದಲ್ಲಿ ಇಪ್ಪತ್ತೈದು ಲಕ್ಷದಷ್ಟು ಭಾರತೀಯರು ಸೈನ್ಯ ಸೇರಿದ್ದರೂ ಆ ಕಥೆಗಳಲ್ಲಿ ಅವರಿಗೆ ಸಿಕ್ಕ ಚೌಕಟ್ಟುಗಳು ಬೆರಳೆಣಿಕೆಯವು. ‘ಅಮರ ಚಿತ್ರಕಥೆ’ಯ ಬಗ್ಗೆ ವಿದ್ವಾಂಸರು ಎತ್ತಿರುವ ಪ್ರಶ್ನೆಗಳು ಬೇರೆ ಬಗೆಯವು: ನಾಯಕನಿಗೆ ಬಿಳಿ ಮೈ, ಅಸುರನಿಗೆ ಕಪ್ಪು ಮೈ, ಚರಿತ್ರೆಯ ಯುದ್ಧಗಳನ್ನು ಧರ್ಮಗಳ ಹೋರಾಟದಂತೆ ತೋರಿಸುವುದು, ಹೆಣ್ಣಿನ ಶೌರ್ಯವನ್ನು ಆತ್ಮಾಹುತಿಯಲ್ಲಿ ಕೊನೆಗಾಣಿಸುವುದು. ಕಲಾವಿದನ ಕೈಚಳಕವನ್ನು ಮೆಚ್ಚುವುದಕ್ಕೆ ಈ ಪ್ರಶ್ನೆಗಳನ್ನು ಬದಿಗಿಡಬೇಕಾಗಿಲ್ಲ. ಅಸುರನ ಮೈಬಣ್ಣ ಆರಿಸಿದವರು ಚಿತ್ರಕಾರರೋ ಸಂಪಾದಕರೋ ಬಣ್ಣ ತುಂಬಿದವರೋ ಎಂದು ತಿಳಿಯಲು ಕೂಡ ಯಾರು ಏನು ಮಾಡಿದರು ಎಂಬ ದಾಖಲೆಯೇ ಬೇಕು.

ಇನ್ನೊಂದು ಆಕ್ಷೇಪ ಸಂಗ್ರಹದ ಮೇಲೆಯೇ ಇದೆ. ಬಾಲ್ಯದ ನೆನಪಿಗೆ ಬೆಲೆ ಕಟ್ಟುವ ಕೊಳ್ಳುವಿಕೆ ಹೆಚ್ಚಿದಂತೆಲ್ಲ ಹಳೆಯ ಪ್ರತಿ ಓದುವ ವಸ್ತುವಾಗಿ ಉಳಿಯದೆ ಕವರಿನೊಳಗಿನ ಹೂಡಿಕೆಯಾಗುತ್ತದೆ. ಮುಚ್ಚಿಟ್ಟ ಪ್ರತಿಯಿಂದ ಕಲಾವಿದನಿಗೂ ಲಾಭವಿಲ್ಲ, ಓದುಗನಿಗೂ ಇಲ್ಲ.

ಪಟ್ಟಿ

ಸಂಗ್ರಹವನ್ನು ಅಧ್ಯಯನಕ್ಕೆ ಒದಗುವಂತೆ ಮಾಡುವುದು ಅದರ ಪಟ್ಟಿ. ಪ್ರತಿಯೊಂದು ಸಂಚಿಕೆಗೂ ಮಾಲೆ, ಸಂಖ್ಯೆ, ಭಾಷೆ, ಅಚ್ಚಾದ ವರ್ಷ, ಬೆಲೆ, ಪುಟಸಂಖ್ಯೆ, ಪ್ರತಿಯ ಸ್ಥಿತಿ, ಸಿಕ್ಕ ಊರು ಇಷ್ಟನ್ನು ಬರೆಯುವುದು ಸಾಮಾನ್ಯ. ಇದರ ಜೊತೆಗೆ ಐದು ಅಂಕಣಗಳು ಅಗತ್ಯ: ಕಥೆ ಬರೆದವರು, ಒಳಚಿತ್ರ ಬರೆದವರು, ರಕ್ಷಾಪುಟ ಬರೆದವರು, ಬಣ್ಣ ತುಂಬಿದವರು, ಅಕ್ಷರ ಬರೆದವರು. ಹೆಸರು ಅಚ್ಚಾಗಿದ್ದರೆ ‘ಅಚ್ಚು’, ಚಿತ್ರದಲ್ಲಿ ಸಹಿಯಿದ್ದರೆ ‘ಸಹಿ’, ಕೈಯ ಗುರುತಿನಿಂದ ಊಹಿಸಿದ್ದರೆ ‘ಊಹೆ’ ಎಂದು ಪಕ್ಕದಲ್ಲಿ ನಮೂದಿಸಬೇಕು. ಊಹೆಯನ್ನು ಸಹಿಯಂತೆ ಬರೆದರೆ ಮುಂದಿನವರು ಅದನ್ನೇ ನಿಜವೆಂದು ಎತ್ತಿಕೊಳ್ಳುತ್ತಾರೆ. ತಿಳಿಯದ ಅಂಕಣವನ್ನು ಖಾಲಿ ಬಿಡಬೇಕು. ಇನ್ನೊಂದು ಪ್ರತಿ, ಕತ್ತರಿಸದ ಅಂಚಿನದು, ಮತ್ತೊಬ್ಬರ ಕೈಗೆ ಸಿಕ್ಕಾಗ ಅದು ತುಂಬುತ್ತದೆ.